ಕಾಗದ, ಪೆನ್ನು ಇದ್ದರೆ ಸಾಕೇ?

ಪಿಯುಸಿ ರಿಸಲ್ಟ್ ಬಂದ ದಿನ ನಮ್ಮ ಮನೆಗಳಲ್ಲಿ ಕೇಳುವ ಮೊದಲ ಪ್ರಶ್ನೆ ಎಲ್ಲರಿಗೂ ಗೊತ್ತು. ‘ಮೆಡಿಕಲ್ಲಾ, ಇಂಜಿನಿಯರಿಂಗಾ?’ ಮಾರ್ಕು ಸ್ವಲ್ಪ ಕಡಿಮೆಯಾದರೆ ಬಿಕಾಂ, ಆಮೇಲೆ ಗಲ್ಫ್. ಇದರ ನಡುವೆ ಮಗುವೊಂದು ‘ನಾನು ಫಿಸಿಕ್ಸ್ ಓದುತ್ತೇನೆ’ ಎಂದರೆ ಉಮ್ಮನ ಕೈಯ ಸೌಟು ಅಲ್ಲೇ ನಿಲ್ಲುತ್ತದೆ. ‘ಅದನ್ನು ಓದಿ ಎಂತ ಮಾಡುದು?’

ಉಮ್ಮ ಕೇಳುವುದರಲ್ಲಿ ತಪ್ಪಿಲ್ಲ. ಕಷ್ಟಪಟ್ಟು ಓದಿಸುವವರು ಕೇಳಲೇಬೇಕಾದ ಪ್ರಶ್ನೆ ಅದು. 1940ರ ದಶಕದಲ್ಲಿ ಪಂಜಾಬಿನ ಝಂಗ್ ಎಂಬ ಸಣ್ಣ ಪೇಟೆಯ ಒಂದು ಮನೆಯಲ್ಲೂ ಮಗನ ಬಗ್ಗೆ ಇಂಥದೇ ಲೆಕ್ಕಾಚಾರ ನಡೆದಿತ್ತು. ಆ ಹುಡುಗನ ಹೆಸರು ಅಬ್ದುಸ್ ಸಲಾಂ.

ಹದಿನಾಲ್ಕನೇ ವಯಸ್ಸಿನಲ್ಲಿ ಸಲಾಂ ಪಂಜಾಬ್ ವಿಶ್ವವಿದ್ಯಾನಿಲಯದ ಮೆಟ್ರಿಕ್ ಪರೀಕ್ಷೆಯಲ್ಲಿ ಅದುವರೆಗೆ ಯಾರೂ ಪಡೆಯದಷ್ಟು ಅಂಕ ಪಡೆದರು. ಸೈಕಲ್ ತುಳಿಯುತ್ತಾ ಊರಿಗೆ ಬಂದಾಗ ಪೇಟೆಗೆ ಪೇಟೆಯೇ ಸ್ವಾಗತಕ್ಕೆ ನಿಂತಿತ್ತು. ತಂದೆ ಶಿಕ್ಷಣ ಇಲಾಖೆಯಲ್ಲಿದ್ದರು. ಮಗ ಐಸಿಎಸ್ ಅಧಿಕಾರಿಯಾಗಬೇಕು ಎಂಬುದು ಮನೆಯ ಆಸೆ. ಆದರೆ ಮಹಾಯುದ್ಧದ ಕಾರಣ ಆ ಪರೀಕ್ಷೆಯೇ ನಿಂತುಹೋಗಿತ್ತು. 1946ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಸಲಾಂ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಹಿಡಿದದ್ದು ಥಿಯರಿಯ ದಾರಿ: ಪ್ರಯೋಗಾಲಯವಿಲ್ಲ, ಯಂತ್ರವಿಲ್ಲ, ಕಾಗದ, ಪೆನ್ನು, ಕಪ್ಪುಹಲಗೆ, ಲೆಕ್ಕ.

ಆ ಲೆಕ್ಕ ಯಾವುದರ ಬಗ್ಗೆ? ಪ್ರಕೃತಿಯಲ್ಲಿ ನಾಲ್ಕು ಮೂಲ ಬಲಗಳು ಉಂಟು. ತೆಂಗಿನಕಾಯಿಯನ್ನು ಕೆಳಗೆ ಬೀಳಿಸುವುದು ಗುರುತ್ವ. ಫ್ಯಾನು ತಿರುಗುವುದು, ಮೊಬೈಲ್ ಸಿಗ್ನಲ್ ಬರುವುದು ವಿದ್ಯುತ್ಕಾಂತ ಬಲದಿಂದ. ಪರಮಾಣುವಿನ ನಡುವಿನ ಬೀಜವನ್ನು ಬಿಗಿಯಾಗಿ ಹಿಡಿದಿಡುವುದು ಪ್ರಬಲ ಬಲ. ನಾಲ್ಕನೆಯದು ದುರ್ಬಲ ಬಲ. ಹೆಸರು ದುರ್ಬಲವಾದರೂ ಕೆಲಸ ದೊಡ್ಡದು. ಸೂರ್ಯನ ಒಡಲಲ್ಲಿ ಪ್ರೋಟಾನ್ ಎಂಬ ಕಣ ನ್ಯೂಟ್ರಾನ್ ಆಗಿ ಬದಲಾಗುವುದು ಇದರಿಂದಲೇ. ಇದಿಲ್ಲದಿದ್ದರೆ ಸೂರ್ಯ ಈಗಿನ ಹಾಗೆ ಉರಿಯುತ್ತಿರಲಿಲ್ಲ.

ವಿದ್ಯುತ್ಕಾಂತ ಬಲ ನಕ್ಷತ್ರದಿಂದ ನಕ್ಷತ್ರಕ್ಕೆ ಮುಟ್ಟುತ್ತದೆ. ದುರ್ಬಲ ಬಲಕ್ಕೆ ಒಂದು ಪ್ರೋಟಾನಿನ ಅಗಲ ದಾಟುವ ಶಕ್ತಿಯೂ ಇಲ್ಲ. ಎಲ್ಲಿಂದೆಲ್ಲಿಗೆ ಸಂಬಂಧ? ಆದರೆ ಇವೆರಡೂ ಮೂಲದಲ್ಲಿ ಒಂದೇ ಎಂದು ಸಲಾಂ ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಶೆಲ್ಡನ್ ಗ್ಲಾಶೋ ಮತ್ತು ಸ್ಟೀವನ್ ವೈನ್‌ಬರ್ಗ್ ಕೂಡಾ ತಮ್ಮ ತಮ್ಮ ದಾರಿಯಲ್ಲಿ ಇದೇ ಕಡೆಗೆ ಬಂದಿದ್ದರು.

ಇದನ್ನು ತಿಳಿಯಲು ನಮ್ಮ ಅಡುಗೆಮನೆಗೇ ಹೋಗೋಣ. ಬಕ್ರೀದ್ ದಿನ ಒಲೆಯ ಮೇಲೆ ಕುದಿಯುವ ಮಾಂಸದ ಸಾರು ನೋಡಿ. ಬಿಸಿ ಇರುವಾಗ ಎಲ್ಲ ಒಂದೇ. ಮರುದಿನ ಬೆಳಗ್ಗೆ ಮುಚ್ಚಳ ತೆಗೆದರೆ ಮೇಲೆ ಹೆಪ್ಪುಗಟ್ಟಿದ ಬಿಳಿ ಕೊಬ್ಬು ಬೇರೆ, ಕೆಳಗೆ ಸಾರು ಬೇರೆ. ಪುನಃ ಬಿಸಿ ಮಾಡಿದರೆ ಎರಡೂ ಕೂಡಿಕೊಳ್ಳುತ್ತವೆ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೂ ವಿಷಯ ಹೀಗೆಯೇ. ವಿಶ್ವ ಹುಟ್ಟಿದಾಗ, ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತು, ಅದು ಎಷ್ಟು ಬಿಸಿಯಾಗಿತ್ತೆಂದರೆ ಈ ಎರಡು ಬಲಗಳು ಒಂದೇ ಆಗಿದ್ದವು. ತಣ್ಣಗಾದ ಮೇಲೆ ಬೇರೆಯಾದವು. ನಾವು ನೋಡುತ್ತಿರುವುದು ತಣ್ಣಗಾದ ಪಾತ್ರೆಯನ್ನು.

ಲೆಕ್ಕ ನಿಜವಾದರೆ ಪ್ರೋಟಾನಿಗಿಂತ ಸುಮಾರು 80ರಿಂದ 100 ಪಟ್ಟು ಭಾರದ ಹೊಸ ಕಣಗಳು ಇರಬೇಕಿತ್ತು. 1983ರಲ್ಲಿ ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ ಅವು ಸಿಕ್ಕಿದವು. ಅದಕ್ಕೂ ಮೊದಲೇ, 1979ರಲ್ಲಿ, ಮೂವರಿಗೂ ನೊಬೆಲ್ ಬಂದಿತ್ತು.

ಇಷ್ಟು ಸಾಧನೆಯ ಕತೆ. ಆದರೆ ಸಲಾಂ ಬದುಕಿನಿಂದ ನಾವು ಕಲಿಯಬೇಕಾದ ಪಾಠ ಇದರ ನಡುವಿನ ಮೂರು ವರ್ಷಗಳಲ್ಲಿ ಉಂಟು.

1951ರಲ್ಲಿ ಅವರು ಲಾಹೋರಿಗೆ ಮರಳಿ ಕಾಲೇಜಿನಲ್ಲಿ ಪಾಠ ಮಾಡತೊಡಗಿದರು. ಕಾಗದ ಇತ್ತು, ಪೆನ್ನು ಇತ್ತು. ಹೊಸ ಸಂಶೋಧನೆಯ ಪತ್ರಿಕೆಗಳು ಸಿಗುತ್ತಿರಲಿಲ್ಲ. ‘ಈ ಸಾಲು ಸರಿಯಾ ನೋಡಿ’ ಎಂದು ಕೇಳಲು ಅಕ್ಕಪಕ್ಕ ಒಬ್ಬರೂ ಇರಲಿಲ್ಲ. ಪಾಠದ ಜೊತೆಗೆ ಕಾಲೇಜು ಅವರಿಗೆ ವಹಿಸಿದ್ದು ಫುಟ್‌ಬಾಲ್ ತಂಡದ ಉಸ್ತುವಾರಿ! ಊರು ಬೇಕೋ, ವಿದ್ಯೆ ಬೇಕೋ ಎಂಬ ಸ್ಥಿತಿ ಬಂತು. 1954ರಲ್ಲಿ ಪುನಃ ಕೇಂಬ್ರಿಜ್‌ಗೆ ಹೋದರು. ಮನೆ ಬಿಟ್ಟು ಕಡಲಾಚೆ ಹೋದವರ ಸಂಕಟ ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ.

ತಮಗಾದ ಕಷ್ಟ ಇನ್ನೊಬ್ಬರಿಗೆ ಆಗಬಾರದೆಂದು ಅವರು ಒಂದು ಉಪಾಯ ಮುಂದಿಟ್ಟರು. ಬಡ ದೇಶಗಳ ವಿಜ್ಞಾನಿಗಳು ವರ್ಷದಲ್ಲಿ ಕೆಲವು ವಾರ ಒಟ್ಟು ಸೇರಿ ಕಲಿತು, ಚರ್ಚಿಸಿ, ಮತ್ತೆ ತಮ್ಮೂರಿಗೆ ಮರಳಲು ಒಂದು ಅಂತಾರಾಷ್ಟ್ರೀಯ ಕೇಂದ್ರ. ಸಭೆಯಲ್ಲಿ ವಿರೋಧ ಬಂತು. ಥಿಯರಿ ಭೌತವಿಜ್ಞಾನವೆಂದರೆ ರೋಲ್ಸ್ ರಾಯ್ಸ್ ಕಾರು, ಈ ದೇಶಗಳಿಗೆ ಎತ್ತಿನ ಗಾಡಿ ಸಾಕು ಎಂಬರ್ಥದಲ್ಲಿ ಪ್ರತಿನಿಧಿಯೊಬ್ಬರು ಮಾತಾಡಿದ್ದನ್ನು ಸಲಾಂ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಅವರು ಬಿಡಲಿಲ್ಲ. 1964ರಲ್ಲಿ ಇಟಲಿಯ ಟ್ರಿಯೆಸ್ತ್ ನಗರದಲ್ಲಿ ಕೇಂದ್ರ ತೆರೆಯಿತು. ತಮ್ಮ ನೊಬೆಲ್ ಹಣವನ್ನೂ ಹಿಂದುಳಿದ ದೇಶಗಳ ಭೌತವಿಜ್ಞಾನಿಗಳಿಗಾಗಿಯೇ ವಿನಿಯೋಗಿಸಿದರು. ಮನೆಗೆ ಒಂದು ಪೈಸೆ ಇಟ್ಟುಕೊಳ್ಳಲಿಲ್ಲ.

ತಾಯ್ನಾಡಿನ ಜೊತೆಗಿನ ಸಂಬಂಧ ಮಾತ್ರ ಮತ್ತಷ್ಟು ಹದಗೆಟ್ಟಿತು. ಸಲಾಂ ಅಹ್ಮದಿಯಾ ಪಂಗಡದವರು. 1974ರಲ್ಲಿ ಪಾಕಿಸ್ತಾನದ ಸಂಸತ್ತು ಆ ಪಂಗಡವನ್ನು ಮುಸ್ಲಿಮೇತರ ಎಂದು ತೀರ್ಮಾನಿಸಿದಾಗ ಅವರು ಸರಕಾರದ ಸಲಹೆಗಾರ ಹುದ್ದೆ ತೊರೆದರು. 1996ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಮರುವರ್ಷ ಟ್ರಿಯೆಸ್ತ್ ಕೇಂದ್ರಕ್ಕೆ ಅವರ ಹೆಸರನ್ನೇ ಇಡಲಾಯಿತು.

ಥಿಯರಿ ಎಂದರೆ ಹೇಳಿದ್ದೆಲ್ಲ ನಿಜವಾಗುತ್ತದೆ ಎಂದಲ್ಲ. 1974ರಲ್ಲಿ ಸಲಾಂ ಮತ್ತು ಒಡಿಶಾ ಮೂಲದ ಜೋಗೇಶ್ ಪತಿ, ಪ್ರೋಟಾನ್ ಕೂಡಾ ಶಾಶ್ವತವಲ್ಲ, ಎಂದಾದರೂ ಒಡೆಯುತ್ತದೆ ಎಂದರು. ಅದನ್ನು ಪರೀಕ್ಷಿಸಲು ಹೊರಟ ಆರಂಭದ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ! 1980ರ ದಶಕದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಸುಮಾರು 2,300 ಮೀಟರ್ ಆಳದಲ್ಲಿ 140 ಟನ್ ತೂಕದ ಉಪಕರಣ ಇಟ್ಟು ಕಾದರು. ಸಿಕ್ಕ ಕೆಲವು ಸುಳಿವುಗಳು ಬೇರೆ ಕಡೆ ದೃಢಪಡಲಿಲ್ಲ. ಇಂದಿಗೂ ಒಂದು ಪ್ರೋಟಾನ್ ಒಡೆದದ್ದಕ್ಕೆ ಖಚಿತ ಸಾಕ್ಷಿ ಸಿಕ್ಕಿಲ್ಲ.

ಗುರುತ್ವವನ್ನೂ ಸೇರಿಸಿ ನಾಲ್ಕೂ ಬಲಗಳನ್ನು ಒಂದು ಮಾಡುವ ಪ್ರಯತ್ನವೇ ಸ್ಟ್ರಿಂಗ್ ಥಿಯರಿ. ಕಣಗಳೆಲ್ಲ ಕಂಪಿಸುವ ಅತಿ ಸೂಕ್ಷ್ಮ ತಂತಿಗಳು ಎನ್ನುವ ಇದಕ್ಕೂ ಪ್ರಯೋಗದ ಸಾಕ್ಷಿ ಇನ್ನೂ ಇಲ್ಲ, ಹುಡುಕಾಟ ನಡೆದಿದೆ. ಟ್ರಿಯೆಸ್ತ್ ಕೇಂದ್ರ ಕೊಡುವ ಡಿರಾಕ್ ಪದಕ 2008ರಲ್ಲಿ ಇರಾನ್ ಮೂಲದ ಕಮ್ರುನ್ ವಫಾ ಅವರಿಗೂ, 2014ರಲ್ಲಿ ನಮ್ಮ ಅಶೋಕ್ ಸೇನ್ ಅವರಿಗೂ ಸಂದಿದೆ. ಸೇನ್ ಬಹುಕಾಲ ಅಲಹಾಬಾದಿನಲ್ಲಿ ಕುಳಿತೇ ಕೆಲಸ ಮಾಡಿದವರು. ಈಗ ಬೆಂಗಳೂರಿನ ಐಸಿಟಿಎಸ್ ಸಂಸ್ಥೆಯಲ್ಲಿದ್ದಾರೆ. 2019ರಿಂದ ಟ್ರಿಯೆಸ್ತ್ ಕೇಂದ್ರದ ನಿರ್ದೇಶಕರಾಗಿರುವ ಅತೀಶ್ ದಾಭೋಲ್ಕರ್ ಕೊಲ್ಲಾಪುರ ಜಿಲ್ಲೆಯವರು. ಅಂದರೆ ಸಲಾಂಗೆ ಲಾಹೋರಿನಲ್ಲಿ ಸಿಗದ ಜೊತೆ ಇಂದು ಮಂಗಳೂರಿನಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ ಉಂಟು.

ಈಗ ಉಮ್ಮನ ಪ್ರಶ್ನೆಗೆ ಬರೋಣ. ಪಿಯುಸಿ ಮುಗಿದ ಕೂಡಲೇ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್‌ಸಿ ಅಥವಾ ಬೇರೆ ಬೇರೆ ಊರುಗಳಲ್ಲಿರುವ ಐಸರ್ ಸಂಸ್ಥೆಗಳಿಗೆ ಸೇರಬಹುದು. ಊರಲ್ಲೇ ಬಿಎಸ್ಸಿ ಮಾಡಿಯೂ ಮುಂದೆ ಹೋಗಬಹುದು. ಪಿಎಚ್‌ಡಿಗೆ ಆಯ್ಕೆಯಾಗಿ ಕೇಂದ್ರದ ಫೆಲೋಶಿಪ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000. ದಾರಿ ಉದ್ದ, ಹುದ್ದೆಗಳು ಕಡಿಮೆ. ಅದನ್ನು ಮಕ್ಕಳಿಗೆ ಮುಚ್ಚಿಡಬಾರದು. ಆದರೆ ದಾರಿಯೇ ಇಲ್ಲ ಎನ್ನುವುದು ಸುಳ್ಳು.

ಕೊನೆಗೊಂದು ಮಾತು. ನೊಬೆಲ್ ಬಂದ ಮೇಲೆ ಸಲಾಂ, ಲಾಹೋರಿನಲ್ಲಿ ತಮಗೆ ಗಣಿತ ಕಲಿಸಿದ ಅನಿಲೇಂದ್ರ ಗಂಗೂಲಿ ಅವರನ್ನು ಹುಡುಕಿಕೊಡಿ ಎಂದು ಭಾರತ ಸರಕಾರವನ್ನು ಕೇಳಿದರು. ವಿಭಜನೆಯ ನಂತರ ಆ ಮೇಷ್ಟ್ರು ಈ ಕಡೆ ಬಂದಿದ್ದರು. 1981ರಲ್ಲಿ ಕೋಲ್ಕತಾದ ಅವರ ಮನೆಗೆ ಹೋದಾಗ ಗುರುಗಳಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಸಲಾಂ ನೊಬೆಲ್ ಪದಕ ತೆಗೆದು, ಇದು ನಿಮ್ಮ ಪಾಠದ ಫಲ ಎಂದು ಅವರ ಕೊರಳಿಗೆ ಹಾಕಿದರು.

ಈ ಸಲ ರಿಸಲ್ಟ್ ದಿನ ನಿಮ್ಮ ಮಗು ಫಿಸಿಕ್ಸ್ ಎಂದರೆ ತಕ್ಷಣ ಬೇಡ ಎನ್ನಬೇಡಿ. ಮರುದಿನ ಮಗುವನ್ನು ಕರಕೊಂಡು ಕಾಲೇಜಿನ ಫಿಸಿಕ್ಸ್ ಮೇಷ್ಟ್ರನ್ನೊಮ್ಮೆ ಮಾತಾಡಿಸಿ ಬನ್ನಿ. ಕಾಗದ, ಪೆನ್ನು ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ ನಿಲ್ಲುವ ಒಬ್ಬರನ್ನು ನಾವೇ ಹುಡುಕಿ ಕೊಡಬೇಕು.