ಇಳಿಜಾರನ್ನು ಓದುವ ಹಾಳೆಗಳು

ಡಿಸೆಂಬರಿನ ಬೆಳಗು ಒಂಬತ್ತು ದಾಟಿದರೂ ಕಳಸದ ಗುಡ್ಡಗಳಿಂದ ಮಂಜು ಪೂರ್ತಿ ಇಳಿದಿಲ್ಲ. ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹುಳಿಬೆರೆತ ಸಿಹಿ ವಾಸನೆ ರಸ್ತೆಯವರೆಗೂ ಬರುತ್ತಿದೆ. ಉದ್ದ ಹಿಡಿಯ ಹಲಗೆಯಲ್ಲಿ ಕಾಯಿ ಎಳೆದು ಮಗುಚುವವರ ಸದ್ದು ಒಂದೇ ಲಯದಲ್ಲಿ ಕೇಳಿಸುತ್ತದೆ. ಕಣ ದಾಟಿ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳ ನಡುವೆ ಕಾಲುದಾರಿ ಹಿಡಿದು ಇಳಿದರೆ, ಪ್ಯಾಂಟಿನ ಕಾಲು ಮಡಚಿಕೊಂಡ ಐದಾರು ಹುಡುಗ ಹುಡುಗಿಯರು ಕಾಣುತ್ತಾರೆ. ವಾಸ್ತುಶಿಲ್ಪ ಕಲಿಯುವ ಮಕ್ಕಳು. ಈ ಇಳಿಜಾರಿನಲ್ಲಿ ಊರಿನವರಿಗೊಂದು ಸಣ್ಣ ಭವನವನ್ನು ಕಾಗದದ ಮೇಲೆ ಕಟ್ಟುವುದು ಅವರಿಗೆ ಕೊಟ್ಟ ಪಾಠ. ಅದಕ್ಕೂ ಮುಂಚೆ ನೆಲವನ್ನು ಓದಬೇಕು. ಸೈಟ್ ಅನಾಲಿಸಿಸ್ ಎಂದು ಅವರು ಕರೆಯುವ ಕೆಲಸ ಇದೇ.

ಒಬ್ಬಳ ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ಒಂದು ತುದಿ, ಕೆಳಗೆ ನಿಂತವನ ಕೈಯಲ್ಲಿ ಇನ್ನೊಂದು. ನಮ್ಮ ಗಾರೆ ಕೆಲಸದವರು ದಿನಾ ಬಳಸುವ ಅದೇ ನೀರಿನ ಲೆವೆಲ್ ಪೈಪು. ಒಳಗೆ ಗುಳ್ಳೆಯೊಂದು ಸಿಕ್ಕಿಕೊಂಡಿದೆ. ಅದು ಹೋಗದೆ ಅಳತೆ ಸರಿಬರದು ಎಂದು ಅವಳು ಪೈಪನ್ನು ಬೆರಳಲ್ಲಿ ತಟ್ಟುತ್ತಾಳೆ, ಎತ್ತಿ ಕುಲುಕುತ್ತಾಳೆ. ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಂತ ಮೇಲೆ ಟೇಪು ಇಳಿಬಿಡುತ್ತಾರೆ. ಅವಳ ಕಡೆ ನೆಲದಿಂದ ನೀರಿಗೆ 40 ಸೆಂಟಿಮೀಟರ್, ಅವನ ಕಡೆ 130. ಇಬ್ಬರ ನಡುವಿನ ದೂರ ಅಡ್ಡಡ್ಡಲಾಗಿ ಮೂರು ಮೀಟರ್, ಅಷ್ಟರಲ್ಲೇ ನೆಲ 90 ಸೆಂಟಿಮೀಟರ್ ಇಳಿದಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತವನು ಅದನ್ನು ಬರೆದುಕೊಳ್ಳುತ್ತಾನೆ. ಮತ್ತೆ ಮೂರು ಮೀಟರ್, ಮತ್ತೆ ಪೈಪು. ಹೀಗೆ ಹೆಕ್ಕಿದ ಅಂಕೆಗಳಲ್ಲಿ ಒಂದೇ ಎತ್ತರದವನ್ನು ಗೆರೆಯಿಂದ ಜೋಡಿಸಿದಾಗ ಕಾಂಟೂರ್ ಮೂಡುತ್ತದೆ. ಗೆರೆಗಳು ಒತ್ತೊತ್ತಾಗಿದ್ದಲ್ಲಿ ಕಡಿದು, ಅಗಲವಾಗಿದ್ದಲ್ಲಿ ಸಮತಟ್ಟು.

ಸರ್ವೆ ಆಫ್ ಇಂಡಿಯಾದ ನಕ್ಷೆ ಇರುವಾಗ ಇಷ್ಟು ಪಾಡೇಕೆ ಎನ್ನಿಸಬಹುದು. 1:50,000ರ ಆ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಈ ಇಡೀ ಜಾಗ ಒಂದು ಚುಕ್ಕಿಯಷ್ಟೇ. ಉಪಗ್ರಹದ ಚಿತ್ರಕ್ಕಂತೂ ಕಾಫಿ ತೋಟದಲ್ಲಿ ಕಾಣುವುದು ನೆರಳು ಮರಗಳ ನೆತ್ತಿ ಮಾತ್ರ. ಆದ್ದರಿಂದ ಮಕ್ಕಳು 1:200ರಲ್ಲಿ, ಎರಡು ಮೀಟರ್ ನೆಲವನ್ನು ಒಂದು ಸೆಂಟಿಮೀಟರಿಗೆ ಇಳಿಸಿ ತಮ್ಮದೇ ನಕ್ಷೆ ಬರೆಯುತ್ತಾರೆ.

ಅದರ ಮೇಲೆ ಬಟರ್ ಪೇಪರ್ ಹಾಸಿ ಒಂದೊಂದು ಹಾಳೆಗೆ ಒಂದೊಂದು ವಿಷಯ ಇಳಿಸುವುದು ಮುಂದಿನ ಕೆಲಸ. ಬಿಸಿಲಿನ ಹಾಳೆ ಬೇಗ ಮುಗಿಯುತ್ತದೆ. ಕಳಸ ಇರುವುದು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಈಗ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 53 ಡಿಗ್ರಿಯಷ್ಟು ಮಾತ್ರ ಏರುತ್ತಾನೆ. ಜೂನಿನಲ್ಲಿ ನೆತ್ತಿ ದಾಟಿ ಉತ್ತರಕ್ಕೇ ಹೋಗಿಬಿಡುತ್ತಾನೆ. ಗಾಳಿಗೆ, ಪಶ್ಚಿಮದಿಂದ ಬಡಿಯುವ ಇರಚಲು ಮಳೆಗೆ ಬಾಣದ ಗುರುತುಗಳು. ಕೆಲಸದವರು ಓಡಾಡುವ ಕಾಲುದಾರಿಗೆ ಚುಕ್ಕಿಗೆರೆ.

ಹೊತ್ತು ತಿನ್ನುವುದು ನೀರಿನ ಹಾಳೆ. ಡಿಸೆಂಬರಿನಲ್ಲಿ ನೀರು ಕಣ್ಣಿಗೆ ಬೀಳುವುದಿಲ್ಲ, ಗುರುತು ಹುಡುಕಬೇಕು. ಸುತ್ತ ಎಲ್ಲ ಒಣಗಿ ತರಗೆಲೆ ಸದ್ದು ಮಾಡುವಾಗ ಒಂದೆಡೆ ಮಾತ್ರ ಕೆಸುವಿನ ಎಲೆ ಹಸಿರಾಗಿ ಅರಳಿಕೊಂಡಿದೆ, ಜರಿಗಿಡ ಒತ್ತಾಗಿದೆ. ಬೆರಳಿಟ್ಟರೆ ಮಣ್ಣು ಜಿಗುಟು. ಅಲ್ಲಿಂದ ಮೇಲೆ ಕೆಲವು ಮರಗಳ ಕಾಂಡ ಬುಡದಲ್ಲಿ ಕೆಳಮುಖವಾಗಿ ಬಾಗಿ, ಆಮೇಲೆ ನೆಟ್ಟಗಾಗಿದೆ. ಅಡಿಯ ಮಣ್ಣು ವರ್ಷವರ್ಷವೂ ಇಷ್ಟಿಷ್ಟೇ ಜಾರುತ್ತಿರುವಲ್ಲಿ ಮರ ಹೀಗೆ ಬೆಳೆಯುವುದುಂಟು.

ಕಣದಿಂದ ಅಜ್ಜರೊಬ್ಬರು ಇಳಿದು ಬಂದು ನಕ್ಷೆಯತ್ತ ಬಗ್ಗುತ್ತಾರೆ. ಹುಡುಗಿ ಸಮತಟ್ಟು ಜಾಗ ತೋರಿಸಿ, ‘ಇಲ್ಲಿ ಕಟ್ಟಡ ಕೂರಿಸ್ಬಹುದಲ್ವಾ ಅಜ್ಜಾ?’ ಎನ್ನುತ್ತಾಳೆ.

‘ಅಲ್ಲೆಂತ ಕಟ್ತೀಯ ಮಾರಾಯ್ತಿ! ಆಶ್ಲೇಷ ಮಳೆಗೆ ಅಲ್ಲಿ ಜಲ ಏಳ್ತದೆ. ನೆಲದಿಂದ್ಲೇ ನೀರು ಬರ್ತದೆ.’

ಅವರು ಮನೆಯಿಂದ ಮಳೆ ಲೆಕ್ಕದ ಪುಸ್ತಕವನ್ನೂ ತರಿಸುತ್ತಾರೆ. ಕಾಫಿ ಬೆಳೆಗಾರರ ಮನೆಗಳಲ್ಲಿ ಇಂಥದ್ದು ಇದ್ದೇ ಇರುತ್ತದೆ: ದಿನದ ಮಳೆ ಇಂಚು, ಸೆಂಟ್‌ಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಹೂಮಳೆ ಬಂದ ದಿನಕ್ಕೆ ಗುರುತು, ಧರೆ ಜರಿದ ದಿನಕ್ಕೆ ಇನ್ನೊಂದು ಗುರುತು. ಯಾವ ಇಲಾಖೆಯ ನಕ್ಷೆಯೂ ಇಷ್ಟು ಹತ್ತಿರದಿಂದ ಈ ನೆಲವನ್ನು ಕಂಡಿರಲಾರದು. ಮಕ್ಕಳು ಆ ಗುರುತುಗಳನ್ನೂ ನೀಲಿ ಪೆನ್ಸಿಲಿನಲ್ಲಿ ಹಾಳೆಗೆ ಇಳಿಸಿಕೊಳ್ಳುತ್ತಾರೆ.

ಸಂಜೆ ಜಗಲಿಯ ಬೆಳಕಿಗೆ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಹಿಡಿಯುತ್ತಾರೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಇಯಾನ್ ಮೆಕ್‌ಹಾರ್ಗ್ ಈ ಪದ್ಧತಿಯನ್ನು 1969ರ ‘ಡಿಸೈನ್ ವಿತ್ ನೇಚರ್’ ಪುಸ್ತಕದ ಮೂಲಕ ಜಗತ್ತಿಗೆ ಪರಿಚಯಿಸಿದರು. ನೆಲದ ಒಂದೊಂದು ಗುಣಕ್ಕೂ ಒಂದೊಂದು ಪಾರದರ್ಶಕ ಹಾಳೆ. ತೊಂದರೆ ಹೆಚ್ಚಿದ್ದಲ್ಲಿ ಬಣ್ಣ ಗಾಢ. ಎಲ್ಲವನ್ನೂ ಪೇರಿಸಿದಾಗ ತಿಳಿಯಾಗಿ ಉಳಿಯುವ ಜಾಗವೇ ಕಟ್ಟಲು ಯೋಗ್ಯ. ಇಲ್ಲಿ ಅತಿ ಗಾಢವಾಗಿ ಕಂಡದ್ದು ಎಲ್ಲರೂ ಮೊದಲು ಕಣ್ಣಿಟ್ಟಿದ್ದ ಆ ಸಮತಟ್ಟು ಜಾಗವೇ. ಪೂರ್ವದ ಗಟ್ಟಿ ಏಣು ಮಾತ್ರ ತಿಳಿ. ಅಲ್ಲಿ ಧರೆ ಕಡಿಯದೆ, ಇಳಿಜಾರಿನೊಂದಿಗೇ ಮೆಟ್ಟಿಲುಮೆಟ್ಟಿಲಾಗಿ ಕಟ್ಟಬೇಕಾದೀತು ಎಂದು ಚರ್ಚೆ ಶುರುವಾಗುತ್ತದೆ.

ಕಾಗದದ ಮೇಲಿನ ಈ ಪಾಠ ಇಲ್ಲಿ ಬದುಕಿನ ಪ್ರಶ್ನೆ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಭದ್ರೆಯಲ್ಲಿ ಮುಳುಗುವುದನ್ನು ಕಳಸದವರು ಕಾಣುತ್ತಲೇ ಬಂದಿದ್ದಾರೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳು ಹಾಳಾದವು, ಸಂಸಾರಗಳು ನೆಲೆ ಕಳೆದುಕೊಂಡವು. ಹೀಗಿದ್ದರೂ ಗುಡ್ಡವನ್ನು ನೆಟ್ಟಗೆ ಕಡಿದು ಮಟ್ಟ ಮಾಡುವ ಯಂತ್ರಗಳ ಸದ್ದು ಮಲೆನಾಡಿನಲ್ಲಿ ನಿಂತಿಲ್ಲ. ಮನೆಯೋ ಹೋಂಸ್ಟೇಯೋ ಕಟ್ಟಬೇಕೆಂದಿರುವವರು ಜೆಸಿಬಿ ಕರೆಸುವ ಮುಂಚೆ ಆ ಜಾಗವನ್ನು ಒಂದು ಮಳೆಗಾಲ ಪೂರ್ತಿ ನೋಡಿ. ಜಲ ಎಲ್ಲಿ ಏಳುತ್ತದೆಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ, ಅದನ್ನು ನಕ್ಷೆಯಲ್ಲಿ ಗುರುತು ಹಾಕಿಸಿಕೊಂಡೇ ಪಾಯ ತೆಗೆಸಿ.