ಐದು ನಿಮಿಷಕ್ಕೊಂದು ಪುಸ್ತಕ

ಓದಿ ಮೆಚ್ಚಿದ ಪುಸ್ತಕವನ್ನು ಕೈಯಲ್ಲಿ ಹಿಡಿದು ಐದು ನಿಮಿಷ ಅದರ ಬಗ್ಗೆ ಮಾತಾಡುವುದು, ಎಲ್ಲರ ಮಾತು ಮುಗಿದ ಮೇಲೆ ಮತ ಹಾಕುವುದು. ಜಪಾನಿನ ‘ಬಿಬ್ಲಿಯೊಬ್ಯಾಟಲ್’ ಎಂದರೆ ಇಷ್ಟೇ. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತದಾಹಿರೊ ತನಿಗುಚಿ 2007ರಲ್ಲಿ ಇದನ್ನು ಹುಟ್ಟುಹಾಕಿದರು. ಒಟ್ಟಿಗೆ ಓದಿ ಚರ್ಚಿಸಲು ಒಳ್ಳೆಯ ಪುಸ್ತಕ ಆರಿಸಿಕೊಳ್ಳುವುದೇ ಮೂಲ ಉದ್ದೇಶವಾಗಿತ್ತು. ಈಗ ಇದು ಆ ದೇಶದ ಶಾಲೆ, ಗ್ರಂಥಾಲಯ, ಪುಸ್ತಕದಂಗಡಿಗಳಲ್ಲೆಲ್ಲ ನಡೆಯುತ್ತದೆ.

ಪುಸ್ತಕವನ್ನು ಮಾತಾಡುವವರೇ ಆರಿಸಬೇಕು. ಮೇಷ್ಟ್ರು ಕೊಟ್ಟ ಪುಸ್ತಕ ನಡೆಯುವುದಿಲ್ಲ. ಮುದ್ರಿತ ಟಿಪ್ಪಣಿ ಹಂಚುವಂತಿಲ್ಲ, ಬರೆದು ತಂದದ್ದನ್ನು ಓದುವುದೂ ಸಲ್ಲ. ಐದು ನಿಮಿಷವಾದ ಕೂಡಲೇ ಮಾತು ನಿಲ್ಲಬೇಕು, ವಾಕ್ಯ ಅರ್ಧಕ್ಕಿದ್ದರೂ ಸರಿ. ಬೇಗ ಮುಗಿಸಿ ಕೂರುವುದಕ್ಕೂ ಅವಕಾಶವಿಲ್ಲ. ಈ ಕಟ್ಟುಪಾಡಿನ ಜಾಣತನ ಇರುವುದು ಇಲ್ಲೇ. ಕಥೆಯ ಸಾರಾಂಶ ಎರಡು ಮೂರು ನಿಮಿಷಕ್ಕೆ ತೀರಿಹೋಗುತ್ತದೆ. ಉಳಿದ ಹೊತ್ತನ್ನು ತುಂಬಲು ಓದಿದವರು ತಮ್ಮ ಬಗ್ಗೆಯೇ ಹೇಳಿಕೊಳ್ಳಬೇಕಾಗುತ್ತದೆ: ಪುಸ್ತಕ ಕೈಗೆ ಬಂದದ್ದು ಹೇಗೆ, ಯಾವ ಪುಟದಲ್ಲಿ ಮನಸ್ಸು ನಿಂತಿತು, ಯಾವ ಪಾತ್ರದ ಮೇಲೆ ಸಿಟ್ಟು ಬಂತು. ನಿಜವಾದ ಅಭಿಪ್ರಾಯ ಹೊರಬೀಳುವುದು ಆಗಲೇ.

ಪ್ರತಿಯೊಬ್ಬರ ಮಾತಿನ ನಂತರ ಎರಡು ಮೂರು ನಿಮಿಷ ಪ್ರಶ್ನೆಗಳಿಗೆ ಮೀಸಲು. ತಿಳಿಯದ್ದನ್ನು ಕೇಳಬಹುದು, ಕೊಂಕು ತೆಗೆಯುವಂತಿಲ್ಲ. ಕೊನೆಗೆ ಸೇರಿದವರೆಲ್ಲರಿಗೂ ತಲಾ ಒಂದು ಮತ. ಮಾತಾಡಿದವರೂ ಹಾಕಬಹುದು, ಆದರೆ ಇನ್ನೊಬ್ಬರ ಪುಸ್ತಕಕ್ಕೆ. ಯಾರು ಚೆನ್ನಾಗಿ ಮಾತಾಡಿದರು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಯಾವ ಪುಸ್ತಕ ಓದಬೇಕೆನ್ನಿಸಿತು ಎಂಬುದೊಂದೇ ಲೆಕ್ಕ. ‘ಚಾಂಪ್’ ಎಂಬ ಪಟ್ಟವೂ ಪುಸ್ತಕಕ್ಕೇ ಸಲ್ಲುತ್ತದೆ. ಹೀಗಾಗಿ ನಿರರ್ಗಳವಾಗಿ ಮಾತಾಡಿದವರನ್ನು ತಡವರಿಸುತ್ತ ಮಾತಾಡಿದ ಹುಡುಗಿಯ ಪುಸ್ತಕ ಹಿಂದೆ ಹಾಕಬಹುದು. ಭಾಷಣ ಸ್ಪರ್ಧೆಯೆಂದರೆ ಹಿಂಜರಿಯುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಕಿಲ್ಲ.

ಓದುಗರ ಚುಟುಕು ಮಾತಿಗೆ ಬೆಲೆ ಕೊಡುವ ರೂಢಿ ಜಪಾನಿನಲ್ಲಿ ಇದಕ್ಕೂ ಮೊದಲೇ ಇತ್ತು. ಅಲ್ಲಿನ ಪುಸ್ತಕದಂಗಡಿಗಳ ಕಪಾಟಿನಲ್ಲಿ ಅಂಗೈಯಗಲದ ಚೀಟಿಗಳು ಕಾಣುತ್ತವೆ. ಅಂಗಡಿಯ ಕೆಲಸಗಾರರು ತಾವು ಓದಿದ್ದರ ಬಗ್ಗೆ ಬಣ್ಣದ ಪೆನ್ನಿನಲ್ಲಿ ಕೈಯಾರೆ ಬರೆದ ನಾಲ್ಕು ಸಾಲು ಅವುಗಳಲ್ಲಿರುತ್ತವೆ. ಅದೇ ಕೆಲಸಗಾರರ ಮತದಿಂದಲೇ ತೀರ್ಮಾನವಾಗುವ ಪ್ರಶಸ್ತಿಯೂ ಇದೆ, ‘ಹೊನ್ಯಾ ತೈಶೊ’. 2004ರ ಮೊದಲ ಪ್ರಶಸ್ತಿ ಯೊಕೊ ಒಗಾವಾ ಅವರ ಕಾದಂಬರಿಗೆ ಬಂತು; ನೆನಪಿನ ಶಕ್ತಿ ಕಳೆದುಕೊಂಡ ಗಣಿತಜ್ಞನೊಬ್ಬನ ಕಥೆ ಅದು. ಅಂತಿಮ ಸುತ್ತಿನಲ್ಲಿ ಮತ ಹಾಕುವವರು ಪಟ್ಟಿಯಲ್ಲಿರುವ ಎಲ್ಲ ಪುಸ್ತಕಗಳನ್ನೂ ಓದಿರಬೇಕು, ಮೆಚ್ಚಿದ್ದಕ್ಕೆ ಕಾರಣವನ್ನೂ ಬರೆದು ಕೊಡಬೇಕು.