ವರ್ನನ್ ಕೌಂಟಿಯಲ್ಲಿ ಜಮೀನು ತಗೊಳ್ಳೋ ಮುಂಚೆ

ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್‌ನಲ್ಲಿ ಹೋಮ್‌ಸ್ಟೆಡಿಂಗ್ ವಿಡಿಯೋ ನೋಡೋ ಚಟ ನನಗೊಬ್ಬನಿಗೇ ಇಲ್ಲ ಅಂತ ಗೊತ್ತು. ಅಮೆರಿಕದ ಯಾವುದೋ ಹಳ್ಳಿ, ಮರದ ಮನೆ, ಎರಡು ಹಸು, ತಿನ್ನೋದು ಉರಿಸೋದು ಎಲ್ಲಾ ಸ್ವಂತ ಜಮೀನಿಂದಲೇ. ಇಂಟರ್ನಲ್ಸ್ ಹತ್ತಿರ ಬಂದಷ್ಟೂ ಈ ಕನಸು ಇನ್ನೂ ಚಂದ ಕಾಣುತ್ತೆ. ಸರಿ, ಒಂದು ಜಾಗ ಹಿಡಿದು ಲೆಕ್ಕ ಹಾಕೇ ನೋಡೋಣ ಅಂತ ಕೂತೆ. ಆರಿಸಿದ್ದು ವಿಸ್ಕಾನ್ಸಿನ್ ರಾಜ್ಯದ ವರ್ನನ್ ಕೌಂಟಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ, ಆದ್ರೆ ಚಿಕ್ಕದು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 160 ಎಕರೆ ಬಿಟ್ಟಿಯಾಗಿ ಸಿಗ್ತಿದ್ದ ಕಾಲ ಹೋಯ್ತು, ಈಗ ದುಡ್ಡು ಕೊಟ್ಟೇ ತಗೋಬೇಕು.

ಈ ಕೌಂಟಿಯೇ ಯಾಕೆ? ಹಿಮಯುಗದ ಹಿಮನದಿಗಳು ಮಿಡ್‌ವೆಸ್ಟ್‌ನ ಬಹುಭಾಗವನ್ನು ಉಜ್ಜಿ ಸಮತಟ್ಟು ಮಾಡಿದ್ರೂ ಈ ಕಡೆಯನ್ನು ಮುಟ್ಟಲಿಲ್ಲ. ಹಾಗಾಗಿ ಇಲ್ಲಿ ಎತ್ತರದ ದಿಣ್ಣೆಗಳು, ಆಳವಾದ ಕಣಿವೆಗಳು. ದೊಡ್ಡ ಯಂತ್ರದ ಬೇಸಾಯಕ್ಕೆ ಕಷ್ಟ, ಸಣ್ಣ ಹಿಡುವಳಿಗೆ ಪರವಾಗಿಲ್ಲ. ಕುದುರೆ ಕಟ್ಟಿ ಉಳೋ ಅಮಿಶ್ ಕುಟುಂಬಗಳು ಇಲ್ಲಿವೆ. ಆರ್ಗ್ಯಾನಿಕ್ ವ್ಯಾಲಿ ಅನ್ನೋ ರೈತರ ಸಹಕಾರಿ ಸಂಘ 1988ರಲ್ಲಿ ಶುರುವಾಗಿದ್ದೂ ಇಲ್ಲೇ.

ಆದ್ರೆ ನಿಜವಾದ ಪ್ರಶ್ನೆ ನೀರಿನದು. ವಿಡಿಯೋದಲ್ಲಿ ತೋರಿಸೋದು ಯಾವಾಗಲೂ ಕಣಿವೆಯನ್ನೇ: ಕಪ್ಪು ಮಣ್ಣು, ಮನೆ ಪಕ್ಕ ಹಳ್ಳ. ಕೂನ್ ಕ್ರೀಕ್ ಅನ್ನೋ ಹಳ್ಳದ ಜಲಾನಯನದಲ್ಲಿ 1933ರಲ್ಲೇ ಅಮೆರಿಕ ಸರ್ಕಾರ ತನ್ನ ಮೊದಲ ಮಣ್ಣು ಸಂರಕ್ಷಣಾ ಯೋಜನೆ ಶುರು ಮಾಡಿತು, ಇಳಿಜಾರಿಗೆ ಅಡ್ಡಲಾಗಿ ಪಟ್ಟಿಪಟ್ಟಿಯಾಗಿ ಬೆಳೆ ಹಾಕಿಸಿತು. ಆಮೇಲೆ ಪ್ರವಾಹ ತಡೆಯೋಕೆ ಸಣ್ಣ ಡ್ಯಾಮ್‌ಗಳೂ ಬಂದವು. 2018ರ ಆಗಸ್ಟ್‌ನಲ್ಲಿ ಮಳೆ ಸುರಿದಾಗ ಅವುಗಳಲ್ಲಿ ಕೆಲವು ಒಡೆದೇ ಹೋದವು. ಕಿಕಪೂ ನದಿಗುಂಟ ಕೆಳಗೆ, ಪಕ್ಕದ ಕೌಂಟಿಯ ಸೋಲ್ಜರ್ಸ್ ಗ್ರೋವ್ ಅನ್ನೋ ಊರು 1978ರ ಪ್ರವಾಹದ ನಂತರ ತನ್ನ ಅಂಗಡಿ ಬೀದಿಯನ್ನೇ ಎತ್ತರದ ಜಾಗಕ್ಕೆ ಎತ್ತಿಕೊಂಡು ಹೋಯ್ತು!

ಹಾಗಾದ್ರೆ ದಿಣ್ಣೆ ಮೇಲೆ ಮನೆ ಕಟ್ಟೋಣ ಅಂತೀರಾ? ಅಲ್ಲಿ ಬೋರ್‌ವೆಲ್ ಆಳ ಹೋಗಬೇಕು. ಬಿರುಕು ಬಿಟ್ಟ ಸುಣ್ಣಕಲ್ಲಿನ ಮೂಲಕ ಸಗಣಿ ಗೊಬ್ಬರದ ನೀರು ಸರಿಯಾಗಿ ಸೋಸದೇ ಇಳಿಯೋ ಅಪಾಯ ಬೇರೆ, ಅದಕ್ಕೇ ನೈಟ್ರೇಟ್, ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸದೆ ಅಡ್ವಾನ್ಸ್ ಕೊಡಬಾರದು. ಆಳದ ಬಾವಿಗೆ ಪಂಪ್ ಬೇಕು, ಪಂಪ್‌ಗೆ ಕರೆಂಟ್ ಬೇಕು. ಸೋಲಾರ್ ಅಂದ್ರೆ, ಡಿಸೆಂಬರ್‌ನಲ್ಲಿ ಹಗಲು ಇರೋದೇ ಸುಮಾರು 9 ಗಂಟೆ.

ಇನ್ನು ಚಳಿ. ಮೈನಸ್ 25 ಡಿಗ್ರಿಗೂ ಇಳಿಯುತ್ತೆ. ಮನೆ ಬಿಸಿ ಮಾಡೋಕೆ ಒಂದು ಚಳಿಗಾಲಕ್ಕೆ 20,000 ಯೂನಿಟ್ ಶಾಖ ಬೇಕು ಅಂತ ಇಟ್ಕೊಳ್ಳಿ. ಒಂದು ಕೆಜಿ ಒಣ ಸೌದೆಯಲ್ಲಿ ಸುಮಾರು 4 ಯೂನಿಟ್, ಒಲೆಯ ಎಫಿಶಿಯೆನ್ಸಿ ಶೇ. 70. ಅಂದ್ರೆ 7 ಟನ್ ಸೌದೆ, ಅದೂ ಹಿಂದಿನ ವರ್ಷವೇ ಕಡಿದು ಒಣಗಿಸಿಟ್ಟಿರಬೇಕು. ದಿನಕ್ಕೆ 12 ಕೆಜಿ ಹುಲ್ಲು ತಿನ್ನೋ ಹಸುವಿಗೆ ಆರು ತಿಂಗಳಿಗೆ 2 ಟನ್ ದಾಟುತ್ತೆ. ಬಿಸಿನೀರು ಬರಲಿಲ್ಲ ಅಂತ ಹಾಸ್ಟೆಲ್‌ನಲ್ಲಿ ಗಲಾಟೆ ಮಾಡೋರು ನಾವು.

ಆದ್ರೂ ನನ್ನ ಓಟು ದಿಣ್ಣೆಗೇ. ಬಾವಿ, ಪಂಪ್, ಸೌದೆ ಇವಕ್ಕೆಲ್ಲ ಮೊದಲೇ ಲೆಕ್ಕ ಹಾಕಬಹುದು, ಮಧ್ಯರಾತ್ರಿ ಏರೋ ಹಳ್ಳಕ್ಕೆ ಆಗಲ್ಲ. ಮೊದಲ ಚಳಿಗಾಲ ಮಾತ್ರ ಬಾಡಿಗೆ ಮನೇಲಿ.